ಟಯರಿನ ಖರ್ಚು ಸೊನ್ನೆ

"ಎಡಕ್ಕೆ ವಾಲ್ತಾ ಐತೆ ನೋಡ್ರಪ್ಪಾ, ಯಾರಾದ್ರೂ ಬಂದು ಹಿಡ್ಕಳ್ಳಿ," ಎಂದರು ಐನೋರು.

ತೀರ್ಥಪ್ಪ ಆಗಷ್ಟೇ ತರೀಕೆರೆ ಬಸ್ಸಿಳಿದು ಅಜ್ಜಂಪುರದ ಬೀದಿಯುದ್ದಕ್ಕೂ ಓಡುನಡಿಗೆಯಲ್ಲಿ ಬಂದಿದ್ದ. ಚಪ್ಪಲಿಯನ್ನು ಹೊಸಿಲಾಚೆಗೆ ಒದರಿ ಒಳಗೆ ನುಗ್ಗಿದವನು, ಗೋಡೆಗೆ ಒರಗಿಸಿ ಕೂರಿಸಿದ್ದ ದೇವೀರಪ್ಪನ ಎಡ ಹೆಗಲಿಗೆ ಎರಡೂ ಕೈ ಕೊಟ್ಟು ನಿಂತ. ಹೆಗಲು ಸೌದೆಯ ಹಾಗೆ ಬಿಗಿದಿತ್ತು. ಮೂವತ್ತೆರಡು ವರ್ಷ ಒಂದೇ ಕಾರಿನ ಸ್ಟಿಯರಿಂಗ್ ತಿರುಗಿಸಿದ ಹೆಗಲು. ಬಗ್ಗಿದಾಗ ತೀರ್ಥಪ್ಪನ ಅಂಗಿಯ ಜೇಬಿನಲ್ಲಿದ್ದ ನೀಲಿ ಕಾಗದ ಸರಕ್ಕೆಂದು ಸದ್ದು ಮಾಡಿತು. ಇಂಗ್ಲೆಂಡಿನ ಕಾಗದ. ಬಂದು ಹತ್ತು ದಿನವಾಗಿತ್ತು. ಇವತ್ತು ಓದಿ ಹೇಳೋಣ, ನಾಳೆ ಓದಿ ಹೇಳೋಣ ಎಂದು ಮುಂದಕ್ಕೆ ಹಾಕುತ್ತ ಬಂದವನಿಗೆ ಇನ್ನು ಓದಿ ಹೇಳುವುದು ಯಾರಿಗೆ ಎನ್ನುವುದು ಈಗ ತಿಳಿಯಲಿಲ್ಲ.

ಬೆನ್ನಿಗೆ ಒಂದು ದಿಂಬು ಕೊಟ್ಟು, ಕಂಕುಳ ಕೆಳಗೆ ಪಂಚೆ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದ ಮೇಲೆ ದೇವೀರಪ್ಪ ನೆಟ್ಟಗೆ ಕೂತ. ಹಣೆ, ತೋಳು, ಎದೆಗೆಲ್ಲ ವಿಭೂತಿ. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತೇ ಮನೆ ಬಿಡಬೇಕು, ಕೂತೇ ಮಣ್ಣಿಗಿಳಿಯಬೇಕು. ಹಿರಿಯರ ಸಮಾಧಿಗಳೆಲ್ಲ ಅಂತರಘಟ್ಟೆಯ ಕಡೆ, ಆರು ಮೈಲಿ ಆಚೆಯ ಹೊಲದಲ್ಲಿದ್ದವು.

ಅಂಗಳದಲ್ಲಿ ದೇವೀರಪ್ಪನ ಅಣ್ಣನ ಮಗ ಈರಭದ್ರಪ್ಪ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ. ಕೊಬ್ಬರಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವನು. ದನಿಯಲ್ಲೂ ಆ ನಾಲ್ಕು ಕಾಸು ಕೇಳಿಸುತ್ತಿತ್ತು.

"ಲಾರಿ ಹನ್ನೊಂದಕ್ಕೆ ಬತ್ತೈತೆ. ಕುರ್ಚಿ ಕಟ್ಟಿ ಮೇಲಿಡೋದು, ಜನ ಹತ್ಕಳೋದು, ಹೊರಡೋದು. ಉಪ್ಪಿನ ಮೂಟೆ ಬಂತೇನ್ರೋ?"

ಒಳಗಿನಿಂದ ದೇವೀರಪ್ಪನ ಹೆಂಡತಿ ಸಾವಿತ್ರಮ್ಮನ ದನಿ ಬಂತು. ಅಳು ಬೆರೆಯದ, ಮನೆವಾರ್ತೆ ಮಾತಾಡುವ ದನಿ.

"ಈರಭದ್ರ, ಲಾರಿ ಬೇಡಪ್ಪ. ಅವರು ಕಾರಲ್ಲಿ ಹೋಗ್ತಾರೆ."

"ಯಾವ ಕಾರು ಚಿಕ್ಕಮ್ಮ? ನಮ್ಮ ಕಾರಾ?" ಈರಭದ್ರಪ್ಪ ಸಾವಿನ ಮನೆ ಎಂಬುದನ್ನೂ ಮರೆತು ನಕ್ಕುಬಿಟ್ಟ. "ಅದು ಕೊಟ್ಟಿಗೇಲಿ ಕಲ್ಲ ಮೇಲೆ ಕೂತು ನಾಕು ವರ್ಷ ಆತು. ಗುಜರಿಯವನು ಸೋಮವಾರ ಬತ್ತೀನಿ ಅಂದವ್ನೆ. ಅದ್ರ ಮಾತು ಬಿಡಿ."

ತೀರ್ಥಪ್ಪ ಹೊರಗೆ ಬಂದ. "ಯಾವುದು ಕಲ್ಲ ಮೇಲೆ ಐತೆ ಅಂದ್ರಿ?"

"ಚಿಕ್ಕಪ್ಪನ ಕಾರು ಕಣ್ರೀ."

"ಆಗೋ ಮಾತಲ್ಲ ಅದು. ಹೋದ ವರ್ಷ ಐನೂರ ನಲವತ್ತಾರು ಮೈಲಿ ಓಡೈತೆ. ನಾನೇ ಟೈಪ್ ಮಾಡಿದೀನಿ."

ಜಗುಲಿಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಣ್ಣುಮುದುಕ ಮುದ್ದಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಹೇಳಿದ: "ತೀರ್ಥಪ್ಪಾ, ನೀನು ಟೈಪ್ ಮಾಡಿದ್ದಾ? ಹಂಗಾದ್ರೆ ಅದು ಸುಳ್ಳೇ ಬಿಡು. ಅರ್ಜೀಲಿ ನನ್ನ ಮೊಮ್ಮಗನ್ನ ನನಗಿಂತ ದೊಡ್ಡೋನು ಮಾಡಿದ್ದು ನೀನೇ ಅಲ್ವಾ?"

ಈ ಸಲ ಎಲ್ಲರೂ ನಕ್ಕರು.

*

ತರೀಕೆರೆ ತಾಲ್ಲೂಕು ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಒಂದು ಕುಂಟು ಮೇಜು, ಅದರ ಮೇಲೆ 'ರ' ಸರಿಯಾಗಿ ಒತ್ತದ ಒಂದು ಟೈಪ್‌ರೈಟರು, ಪಕ್ಕದಲ್ಲಿ ಇಂಗ್ಲಿಷಿನದು ಇನ್ನೊಂದು. ಇಪ್ಪತ್ತೆಂಟು ವರ್ಷದಿಂದ ಅವುಗಳ ಹಿಂದೆ ತೀರ್ಥಪ್ಪ. ಜನ ಹೇಳಿದ್ದನ್ನು ಕಾಗದಕ್ಕೆ ಇಳಿಸುವುದು ಅವನ ಕಸುಬು. ಐವತ್ತು ವರ್ಷದವನಿಗೆ ಪಿಂಚಣಿಗೆಂದು ಅರವತ್ತೈದು. ಹದಿನಾಲ್ಕರ ಹುಡುಗಿಗೆ ಮದುವೆಗೆಂದು ಹದಿನೆಂಟು. ಗೋಮಾಳ ನುಂಗಿ ಕೂತವನು ಅರ್ಜಿಯಲ್ಲಿ ಬಡ ರೈತ. ಅದು ಸುಳ್ಳೆಂದು ಒಳಗೆ ಫ್ಯಾನಿನ ಕೆಳಗೆ ಕೂತವರಿಗೂ ಗೊತ್ತು, ಹೊರಗೆ ಬಿಸಿಲಲ್ಲಿ ನಿಂತವರಿಗೂ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಸಿದವನ ಅರ್ಜಿ ಮಾತ್ರ ಎರಡು ವರ್ಷ ಗೆದ್ದಲು ತಿನ್ನುತ್ತಿತ್ತು. ಒಂದು ಪುಟಕ್ಕೆ ಎಂಟಾಣೆ ಇದ್ದ ಕಾಲದಿಂದ ಎರಡು ರೂಪಾಯಿ ಆಗುವವರೆಗೆ ತೀರ್ಥಪ್ಪ ಊರಿನವರ ಸುಳ್ಳುಗಳನ್ನೇ ಕುಟ್ಟುತ್ತ ಬಂದಿದ್ದ. ಸಂಜೆ ಮನೆಗೆ ಹೋದರೆ ಬೆರಳ ತುದಿಯ ಮಸಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ವರ್ಷಕ್ಕೊಂದು ದಿನ ಮಾತ್ರ ಬೇರೆ. ಜನವರಿಯ ಮೊದಲ ವಾರ ದೇವೀರಪ್ಪ ಬರುತ್ತಿದ್ದ.

ಅರವತ್ತೊಂಬತ್ತನೇ ಇಸವಿಯಲ್ಲಿ ಅಜ್ಜಂಪುರದ ಅಮೃತ್ ಮಹಲ್ ದನ ನೋಡಲು ಇಂಗ್ಲೆಂಡಿನಿಂದ ಕ್ಲೇಟನ್ ಎಂಬ ದನದ ಡಾಕ್ಟರು ಬಂದಿದ್ದ. ಬೀರೂರು ಸ್ಟೇಷನ್ನಿನಿಂದ ಅವನನ್ನು ಕರೆತಂದದ್ದು ದೇವೀರಪ್ಪನ ಟ್ಯಾಕ್ಸಿ, ನಲವತ್ತೊಂಬತ್ತರ ಆಸ್ಟಿನ್. ಸಾಹೇಬ ಆ ಕಾರನ್ನು ನೋಡಿದವನೇ ದನಗಳನ್ನು ಮರೆತ. ಊರಿನಲ್ಲಿ ಅವನದೂ ಅದೇ ಕಾರು, ಅದೇ ವರ್ಷದ್ದು. ಆ ಕಾರು ಇಟ್ಟುಕೊಂಡವರದೇ ಒಂದು ಸಂಘವಿತ್ತು. ಇಂಗ್ಲೆಂಡು, ಐರ್ಲೆಂಡು, ನ್ಯೂಜಿಲೆಂಡು, ಸಿಲೋನು ನಾಲ್ಕು ದೇಶದ ಸದಸ್ಯರು. ಯಾವ ದೇಶದಲ್ಲಿ ಈ ಕಾರು ಓಡಿಸಲು ವರ್ಷಕ್ಕೆ ಎಷ್ಟು ಖರ್ಚಾಗುತ್ತದೆಂದು ಪ್ರತಿವರ್ಷ ಒಂದು ಪಟ್ಟಿ ಮಾಡುತ್ತಿದ್ದರು. ಇಂಡಿಯಾ ಇರಲಿಲ್ಲ. ದೇವೀರಪ್ಪ ಐದನೆಯವನಾದ.

ಪಟ್ಟಿಯಲ್ಲಿ ಕಾಲಂಗಳು: ಮೀಟರಿನ ಅಂಕಿ, ಪೆಟ್ರೋಲು, ಆಯಿಲ್ಲು, ಟಯರು, ರಸ್ತೆ ತೆರಿಗೆ, ವಿಮೆ, ರಿಪೇರಿ ಕೂಲಿ, ನಿಲ್ಲಿಸುವ ಜಾಗದ ಬಾಡಿಗೆ. ಒಂದೇ ಒಂದು ನಿಯಮ: ವರ್ಷಕ್ಕೆ ಐನೂರು ಮೈಲಿಯಾದರೂ ಓಡಿರಬೇಕು. ಓಡದ ಕಾರಿಗೆ ಪಟ್ಟಿಯಲ್ಲಿ ಜಾಗವಿಲ್ಲ.

"ಬಾಡಿಗೆ ಏನಂತ ಹಾಕ್ಲಿ ದೇವೀರಣ್ಣ?"

"ನಮ್ಮ ಕೊಟ್ಟಿಗೇಲಿ ಹಸಿನ ಪಕ್ಕ ನಿಲ್ಸ್ತೀನಿ. ಅದಕ್ಕೇನು ಬಾಡಿಗೆ? ಹಸಿನ ಜೊತೆ ಅಂತ್ಲೇ ಬರಿ."

ಹಾಗೆಯೇ ಟೈಪ್ ಮಾಡಿದ. ಆ ಹಸು ದಿನಕ್ಕೆ ಎಷ್ಟು ಹಾಲು ಕೊಡುತ್ತದೆ, ಅದನ್ನು ಖರ್ಚಿನಲ್ಲಿ ಕಳೆಯಬೇಕೆ ಎಂದು ಕ್ಲೇಟನ್ ಬರೆದು ಕೇಳಿದ.

ಐದು ದೇಶದ ಲೆಕ್ಕ ಕೂಡಿಸಿದ ಪಟ್ಟಿ ತಿಂಗಳೊಪ್ಪತ್ತಿನಲ್ಲಿ ವಾಪಸು ಬರುತ್ತಿತ್ತು. ತೀರ್ಥಪ್ಪ ಪೌಂಡನ್ನು ರೂಪಾಯಿ ಮಾಡಿ ಓದುತ್ತಿದ್ದ, ದೇವೀರಪ್ಪ ಬೀಡಿ ಆರಿದ್ದೂ ತಿಳಿಯದೆ ಕೇಳುತ್ತಿದ್ದ. ಇಂಗ್ಲೆಂಡಿನಲ್ಲಿ ಒಂದು ಗಂಟೆ ರಿಪೇರಿಗೆ ಎಂಬತ್ತು ರೂಪಾಯಿ ಕೂಲಿ ಎಂದಾಗ, "ಎಂಬತ್ತಾ! ಅಲ್ಲಿ ಹುಟ್ಟಿದ್ರೆ ನಿಮ್ಮ ಅಮಲ್ದಾರ್ರು ನನ್ನ ಮುಂದೆ ಕೈ ಕಟ್ಟಿ ನಿಲ್ಬೇಕಿತ್ತಲ್ಲೋ," ಎಂದಿದ್ದ. ನ್ಯೂಜಿಲೆಂಡಿನಲ್ಲಿ ಪೆಟ್ರೋಲು ಉಳಿಸಲು ವಾರಕ್ಕೊಂದು ದಿನ ಕಾರು ಹೊರಗೆ ತೆಗೆಯುವಂತಿಲ್ಲ ಎಂದು ಕೇಳಿ, "ಒಳ್ಳೇದಾತು, ಎತ್ತಿಗೆ ಬಿಡುವು ಕೊಟ್ಟಂಗೆ ಎಂಜಿನ್ನಿಗೂ ಒಂದು ಸೋಮವಾರ ಬೇಕು," ಎಂದಿದ್ದ. ಚಳಿಗಾಲದಲ್ಲಿ ಇಂಗ್ಲೆಂಡಿನವರು ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದರಿಂದ ಕಾರಿನ ಹೊಟ್ಟೆ ತುಕ್ಕು ಹಿಡಿದು ಅದರ ಖರ್ಚೇ ಎಲ್ಲಕ್ಕಿಂತ ಜಾಸ್ತಿ ಎಂದಾಗ ಮಾತ್ರ ಅವನಿಗೆ ನಗು ಬರಲಿಲ್ಲ.

"ರಸ್ತೆಗೆ ಉಪ್ಪಾ? ಏನು, ಉಪ್ಪಿನಕಾಯಿ ಹಾಕ್ತಾರಾ? ಉಪ್ಪು ಸೋಕಿದ್ರೆ ಕಬ್ಬಿಣ ಉಳೀತೈತಾ? ಬರಿ ತೀರ್ಥಪ್ಪ, ಸಾಹೇಬ್ರೇ, ಉಪ್ಪಿನ ಮೇಲೆ ಓಡಿಸ್ಬೇಡಿ, ತೆಗ್ದು ಒಳಗೆ ನಿಲ್ಸಿ ಅಂತ ಬರಿ."

ಹದಿನಾರು ವರ್ಷ. ತೀರ್ಥಪ್ಪ ತನ್ನ ಜೀವಮಾನದಲ್ಲಿ ಕುಟ್ಟಿದ ಕಾಗದಗಳಲ್ಲಿ ನಿಜವೆಂದು ಎದೆ ಮುಟ್ಟಿ ಹೇಳಬಹುದಾದವು ಆ ಹದಿನಾರು ಹಾಳೆಗಳು. ಅದಕ್ಕೆ ಅವನು ಒಂದು ಪೈಸೆ ತೆಗೆದುಕೊಂಡಿರಲಿಲ್ಲ.

ಎಂಬತ್ತೊಂದರ ಮೇಲೆ ಲೆಕ್ಕ ಬದಲಾಗಿತ್ತು. ಕಡೂರು ಬಸ್‌ಸ್ಟ್ಯಾಂಡಿನ ಟ್ಯಾಕ್ಸಿ ಬಿಟ್ಟೆ, ಈಗೆಲ್ಲ ಅಂಬಾಸಡರ್ ಕೇಳ್ತಾರೆ ಎಂದಿದ್ದ ದೇವೀರಪ್ಪ. ಸಾವಿರಗಟ್ಟಲೆ ಇದ್ದ ಮೈಲಿ ಐನೂರ ಚಿಲ್ಲರೆಗೆ ಇಳಿದಿತ್ತು. ಗ್ಯಾಲನ್ನಿಗೆ ಮೂವತ್ತು ಮೈಲಿ ಕೊಡುತ್ತಿದ್ದದ್ದು ನಲವತ್ತಾರಕ್ಕೆ ಏರಿತ್ತು. ಟಯರು ಕೇಳಿದರೆ, "ಸೊನ್ನೆ ಹಾಕು," ಎನ್ನುತ್ತಿದ್ದ. ನಾಲ್ಕು ವರ್ಷವೂ ಸೊನ್ನೆ. ಪ್ರತಿ ಸಲವೂ ಬಸ್ಸಿನಲ್ಲೇ ಬರುತ್ತಿದ್ದ. ಕಾರಲ್ಲೇ ಬರಬಾರದಾ ಅಂದರೆ, "ಪೆಟ್ರೋಲು ದಂಡ ಕಣೋ," ಎಂದು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದ. ಅದು ಅಭಿಮಾನ ಎಂದುಕೊಂಡಿದ್ದ ತೀರ್ಥಪ್ಪ.

ಜೇಬಿನಲ್ಲಿದ್ದ ಕಾಗದ ಸಂಘದ ಕಾರ್ಯದರ್ಶಿಯದು. ಇಂಡಿಯಾದ ಲೆಕ್ಕವನ್ನು ಸದಸ್ಯರು ನಂಬುತ್ತಿಲ್ಲ. ಟಯರು ಸವೆಯದ ಕಾರು ಪ್ರಪಂಚದಲ್ಲಿಲ್ಲ. ಜವಾಬ್ದಾರಿಯುಳ್ಳ ಒಬ್ಬರು ಖುದ್ದಾಗಿ ಮೀಟರು ನೋಡಿ, ಕಾರು ಓಡಿರುವುದು ನಿಜವೆಂದು ಸಹಿ ಮಾಡಿ ಕಳಿಸಬೇಕು. ಇಲ್ಲದಿದ್ದರೆ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು.

*

ಕೊಟ್ಟಿಗೆ ಮನೆಯ ಹಿಂದಿತ್ತು. ತೀರ್ಥಪ್ಪ ತಟ್ಟಿ ಸರಿಸಿ ಒಳಗೆ ಹೋದ. ಹಸು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಅದರ ಪಕ್ಕದಲ್ಲಿ ಕಾರು. ಹಿಂದೆರಡು, ಮುಂದೆರಡು ಸೈಜುಗಲ್ಲಿನ ಮೇಲೆ. ನಾಲ್ಕೂ ಚಕ್ರಗಳು ನೆಲದಿಂದ ಗೇಣುದ್ದ ಮೇಲೆ ನಿಂತಿದ್ದವು.

ಅವನು ಹಸುವಿನ ಗೊಂತಿಗೆ ಒರಗಿ ನಿಂತ. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಊರಿಗೆಲ್ಲ ಸುಳ್ಳು ಬೇಕಿತ್ತು, ಸರಿ. ಪಿಂಚಣಿಗೆ ಬೇಕಿತ್ತು, ಜಮೀನಿಗೆ ಬೇಕಿತ್ತು, ಹೊಟ್ಟೆಗೆ ಬೇಕಿತ್ತು. ನಿನಗೆ ಏನು ಬೇಕಿತ್ತೋ ದೇವೀರಣ್ಣ? ಮುಖ ಕಾಣದ ನಾಲ್ಕು ಜನ ಪರದೇಶದವರ ಮುಂದೆ ದೊಡ್ಡವನಾಗಲು ನನ್ನ ಕೈಲಿ ಇದನ್ನೂ ಕುಟ್ಟಿಸಿದೆಯಾ? ಜೇಬಿನಿಂದ ನೀಲಿ ಕಾಗದ ತೆಗೆದು ಹರಿಯಲು ಹೋದ.

ಹರಿಯಲಿಲ್ಲ. ಕೊಟ್ಟಿಗೆಯಲ್ಲಿ ಸಗಣಿಯ ವಾಸನೆಯ ಜೊತೆ ಪೆಟ್ರೋಲಿನ ವಾಸನೆ ಇತ್ತು. ಹಳೆಯದಲ್ಲ, ನಿನ್ನೆ ಮೊನ್ನೆಯದು. ಬಾನೆಟ್ಟಿನ ಮೇಲೆ ಬೆರಳಿಟ್ಟ, ಧೂಳಿಲ್ಲ. ಹಿಂದಿನ ಗೋಡೆಯಲ್ಲಿ, ಹೊಗೆ ಕೊಳವೆಯ ನೇರಕ್ಕೆ, ಒಂದು ಮೊರದಗಲ ಕರಿ ಹಿಡಿದಿತ್ತು. ಬಾಗಿಲು ತೆಗೆದು ತಲೆ ತೂರಿಸಿ ಮೀಟರು ನೋಡಿದ.

71,899.

ಜನವರಿಯಲ್ಲಿ ಟೈಪ್ ಮಾಡಿದ ಅಂಕಿ ಅವನಿಗೆ ಬಾಯಿಪಾಠವಿತ್ತು. ಡಿಸೆಂಬರ್ ಕೊನೆಗೆ 71,842. ಐವತ್ತೇಳು ಮೈಲಿ ಹೆಚ್ಚು. ಕಲ್ಲಿನ ಮೇಲೆ ಕೂತ ಕಾರು ಐವತ್ತೇಳು ಮೈಲಿ ಎಲ್ಲಿಗೆ ಹೋಯಿತು?

"ದಿನಕ್ಕೆ ಒಂದೂವರೆ," ಎಂದಿತು ಹಿಂದಿನಿಂದ ದನಿ. ಸಾವಿತ್ರಮ್ಮ ತಟ್ಟಿಯ ಹತ್ತಿರ ನಿಂತಿದ್ದಳು, ಸೆರಗಿನಲ್ಲಿ ಕಾರಿನ ಕೀಲಿ. "ಮೂವತ್ತೆಂಟು ದಿನ ಆಗೈತೆ. ಲೆಕ್ಕ ಹಾಕ್ಕೊಳಿ."

"ಏನಕ್ಕಾ ಇದು?"

"ಕಣ್ಣು ಮಂಜಾಗಿತ್ತಲ್ಲ ಅವರ್ದು. ನಿಮಗೆ ಹೇಳ್ಲಿಲ್ವಾ? ಹೇಳಿರಾಕಿಲ್ಲ ಬಿಡಿ." ಅವಳು ಒಳಗೆ ಬಂದು ಬಾನೆಟ್ಟಿಗೆ ಕೈಯಾನಿಸಿದಳು. "ಎಂಬತ್ತೊಂದರಾಗೆ ಯಗಟಿ ಹತ್ರ ಒಂದು ಕೂಸು ಅಡ್ಡ ಬಂತು. ಅಂಗುಲದಾಗೆ ಉಳೀತು. ಅದು ಇವರ ಕಣ್ಣಿಗೆ ಬಿದ್ದೇ ಇರ್ಲಿಲ್ಲ. ಅದ್ರ ತಾಯಿ ಕಿರುಚಿದ್ಮೇಲೆ ಬ್ರೇಕ್ ಹಾಕಿದ್ದಂತೆ. ಮನೆಗೆ ಬಂದು ಊಟ ಮಾಡ್ಲಿಲ್ಲ. ಇನ್ನು ರಸ್ತೆಗೆ ಇಳಿಸೋಲ್ಲ ಅಂತ ನನ್ನ ಕೈ ಮೇಲೆ ಕೈ ಇಟ್ರು. ಎರಡು ದಿನ ಸುಮ್ನಿದ್ರು. ಮೂರ್ನೇ ದಿನ ಕಲ್ಲು ಹೊಡಿಸ್ಕೊಂಡು ಬಂದ್ರು."

"ಕಲ್ಲ ಮೇಲೆ ಇಟ್ಟು..."

"ದಿನಾ ಬೆಳಿಗ್ಗೆ ಐದು ನಿಮಿಷ. ಚಕ್ರ ಗರಗರ ತಿರುಗೋವು. ಮೀಟ್ರು ಒಂದೂವರೆ ತಿರುಗಿದ್ಮೇಲೆ ನಿಲ್ಸೋರು. ಅದ್ಯಾವ್ದೋ ಐನೂರು ಆಗ್ಬೇಕಂತಲ್ಲ, ನಿಮ್ಮ ಕಾಗದ್ದಾಗೆ."

ತೀರ್ಥಪ್ಪನಿಗೆ ಹೋದ ಸಿಟ್ಟು ಮತ್ತೆ ಬಂತು. "ನಿಂತ ಕಡೇಲೆ ತಿರುಗಿಸಿ ಐನೂರು ಮೈಲಿ ಓಡ್ತು ಅಂತ ನನ್ನ ಕೈಲಿ ಬರೆಸ್ಬಿಟ್ನಲ್ಲಕ್ಕಾ. ಅವರು ಈಗ ಸಹಿ ಕೇಳ್ತಾ ಅವ್ರೆ. ನಾನು ಏನಂತ ಹಾಕ್ಲಿ?"

"ಚಕ್ರ ತಿರುಗ್ತೋ ಇಲ್ವೋ?"

"ತಿರುಗ್ತು."

"ಪೆಟ್ರೋಲು ಸುಟ್ಟಿದ್ದು ಸುಳ್ಳಾ? ಬೀರೂರಿಂದ ಡಬ್ಬೀಲಿ ಹೊತ್ತು ತರ್ತಿದ್ರು, ಲೀಟ್ರಿಗೆ ಏಳು ರೂಪಾಯಿ. ಟಯರು ಸವೀಲಿಲ್ಲ, ಸೊನ್ನೆ ಅಂತ್ಲೇ ಬರೆಸಿದ್ರು. ಅದ್ರಾಗೆ ಯಾವುದು ಸುಳ್ಳು ಹೇಳಿ ನೋಡಣ."

ತೀರ್ಥಪ್ಪ ನೀಲಿ ಕಾಗದವನ್ನು ಮಡಚಿ ಮತ್ತೆ ಜೇಬಿಗೆ ಹಾಕಿದ.

ಅವಳೇ ಮುಂದುವರಿಸಿದಳು. "ಮೊದಲು ಒಬ್ರೇ ಕೂರೋರು. ಒಂದಿನ ಬಂದು, ಖಾಲಿ ಟ್ಯಾಕ್ಸಿ ಓಡಿಸಿ ಅಭ್ಯಾಸ ಇಲ್ಲ ಕಣೇ, ಬಾ ಹಿಂದೆ ಕೂತ್ಕ ಅಂದ್ರು. ಇಪ್ಪತ್ತೆಂಟು ವರ್ಷ ಬಾಡಿಗೆ ಹೊಡೆದೋರು ಒಂದಿನ ನನ್ನ ಕೂರಿಸ್ಕೊಂಡಿರ್ಲಿಲ್ಲ. ಯಾವಾಗ್ಲೂ ಗಿರಾಕಿ, ಗಿರಾಕಿ. ನಾನು ಅಕ್ಕಿ ಆರಿಸೋ ಮೊರ ತಗೊಂಡು ಕೂತ್ಕೊಂಡೆ. ನೆನ್ನೆ ಎಲ್ಲಿಗೆ ನಿಲ್ಸಿದ್ವಿ ಅಂತ ಕೇಳೋರು. ಅಲ್ಲಿಂದ ಮುಂದಕ್ಕೆ ಹೊಂಟ್ವಿ ಅಂತ ಹೇಳೋರು. ಎಡಕ್ಕೆ ಹುಣಸೆ ತೋಪು, ಬಲಕ್ಕೆ ಕೆರೆ ಏರಿ, ಎದುರಿಗೆ ಕುರಿ ಮಂದೆ, ತಡಿ ಅಂತ ಹಾರನ್ ಹೊಡೆಯೋರು. ಹಸಾ ಬೆಚ್ಚೋದು. ಕಡೂರು ಬಿಟ್ಟು ಪಂಚನಹಳ್ಳಿ ಮುಟ್ಟಕ್ಕೆ ನಮಗೆ ಅರ್ಧ ತಿಂಗಳು ಹಿಡೀತು."

ಅವಳು ಸೆರಗಿನ ಗಂಟು ಬಿಚ್ಚಿ ಕೀಲಿ ಕೈಗೆ ತೆಗೆದುಕೊಂಡಳು.

"ನೆನ್ನೆನೂ ಓಡಿಸಿದ್ರು. ಇಳಿದು ಸ್ನಾನ ಮಾಡಿ ರೊಟ್ಟಿಗೆ ಕೂತೋರು ಹಂಗೇ ಒರಗಿದ್ರು. ನನಗೆ ಬೇರೇನೂ ಬೇಡ. ಗುಜರಿಯವನು ಸೋಮವಾರ ಬರ್ಲಿ, ತಗಂಡೋಗ್ಲಿ. ಇವತ್ತು ಇದು ಓಡ್ಬೇಕು. ಓಡ್ದೆ ಹೋದ್ರೆ ಅವ್ರನ್ನ ಸುಳ್ಳುಗಾರ ಅಂದ್ಕಂಡೇ ಮಣ್ಣು ಹಾಕ್ತಾರೆ ಎಲ್ರೂ. ನೀವೂ."

ಕೊನೆಯ ಮಾತನ್ನು ಅವಳು ಅವನ ಮುಖ ನೋಡಿಯೇ ಹೇಳಿದಳು. ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಹೋದಳು.

*

ಓಡಿಸುವವನು ಬೇಕಿತ್ತು. ಕಲ್ಲಪ್ಪ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ. ಕಡೂರಿನಲ್ಲಿ ಅಂಬಾಸಡರ್ ಇಟ್ಟವನು, ದೇವೀರಪ್ಪನ ಗಿರಾಕಿಗಳನ್ನೆಲ್ಲ ಕಿತ್ತುಕೊಂಡವನು. ಅವನಿಗೆ ಗೇರು ಹಾಕಲು ಕಲಿಸಿದ್ದೂ ದೇವೀರಪ್ಪನೇ.

"ಕಲ್ಲಪ್ಪಾ, ಬಾರೋ ಇಲ್ಲಿ," ಎಂದ ತೀರ್ಥಪ್ಪ. "ಜಾಕ್ ಐತಾ ನಿನ್ನ ಗಾಡೀಲಿ?"

ಈರಭದ್ರಪ್ಪ ಅಡ್ಡ ಬಂದ. ಲಾರಿ ಬಂದು ಬೀದಿಯಲ್ಲಿ ನಿಂತಿತ್ತು. "ಏನ್ರೀ ಇದು ಮಕ್ಕಳಾಟ? ಹೊತ್ತು ಇಳಿಯಕ್ಕೆ ಮುಂಚೆ ಮಣ್ಣಾಗ್ಬೇಕು. ದಾರೀಲಿ ನಿಂತ್ರೆ ಏನು ಹೆಣ ಇಟ್ಕೊಂಡು ತಳ್ತೀರಾ? ಟ್ಯಾಕ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಪೊಲೀಸ್ನೋನು ಹಿಡಿದ್ರೆ ನಮ್ಮ ಮಾನ ಹೋಯ್ತದೆ."

ತೀರ್ಥಪ್ಪ ನಿಂತ. ಇದಕ್ಕೆ ಅವನ ಹತ್ತಿರ ಉತ್ತರವಿತ್ತು. "ಟ್ಯಾಕ್ಸು ಕಟ್ಟೈತೆ. ನಾಕು ವರ್ಷದ್ದೂ ಕಟ್ಟೈತೆ. ಇನ್ಶೂರೆನ್ಸೂ ಐತೆ. ರಸೀದಿ ನಂಬರ್ ಬೇಕಾ? ಒಂದೊಂದೂ ನಾನೇ ಟೈಪ್ ಮಾಡಿದೀನಿ, ಬರ್ಕಳಿ."

ರಸ್ತೆಗೆ ಒಂದು ದಿನವೂ ಇಳಿಯದ ಕಾರಿಗೆ ನಾಲ್ಕು ವರ್ಷ ರಸ್ತೆ ತೆರಿಗೆ. ದಿನವೂ ಊರ ರಸ್ತೆ ಹಾಳು ಮಾಡುವ ಲಾರಿಗಳಲ್ಲಿ ಎಷ್ಟಕ್ಕೆ ಅದು ಕಟ್ಟಿದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮುದ್ದಪ್ಪ ಲಾರಿಯ ಕಡೆ ನೋಡಿ ಕೆಮ್ಮಿದ. ಈರಭದ್ರಪ್ಪ ಟವಲು ಕೊಡವಿಕೊಂಡು, "ಅರ್ಧ ಗಂಟೆ ಕೊಡ್ತೀನಿ," ಎಂದ.

ಕಲ್ಲಪ್ಪ ಅಂಗಿ ಬಿಚ್ಚಿ ಬನೀನಿನಲ್ಲಿ ಕಾರಿನಡಿಗೆ ತೂರಿದ. ಜಾಕ್ ಏರಿಸಿ ಒಂದೊಂದೇ ಕಲ್ಲು ಉರುಳಿಸಿದರು. ಕೊನೆಯ ಕಲ್ಲು ಬಂದಾಗ ಟಯರುಗಳು ನೆಲಕ್ಕೆ ಕೂತು ಸಣ್ಣಗೆ ನಿಟ್ಟುಸಿರಿಟ್ಟವು. ಗಾಳಿ ಇತ್ತು. ಸೈಕಲ್ ಪಂಪಿನಲ್ಲಿ ಭಾನುವಾರಕ್ಕೊಮ್ಮೆ ದೇವೀರಪ್ಪ ತುಂಬಿಸಿದ ಗಾಳಿ. ಕಲ್ಲಪ್ಪ ಟಯರಿನ ಹಲ್ಲುಗಳ ಮೇಲೆ ಕೈಯಾಡಿಸಿ ತಲೆಯಲ್ಲಾಡಿಸಿದ.

"ಹಿಂಗೂ ಇಟ್ಕಂಡಿರ್ತಾರಾ? ನನ್ನ ಅಂಬಾಸಡರ್ ಟಯರು ನೋಡಿದ್ರೆ ನಿನ್ನ ಬೊಕ್ಕ ತಲೆ ವಾಸಿ ತೀರ್ಥಪ್ಪಾ."

"ಬಾಯಿ ಮುಚ್ಕೊಂಡು ಹ್ಯಾಂಡಲ್ ಹಾಕೋ."

ಮೊದಲ ಸುತ್ತಿಗೆ ಎಂಜಿನ್ನು ಗೊರಕೆ ಹೊಡೆದು ಸುಮ್ಮನಾಯಿತು. ತಟ್ಟಿಯ ಆಚೆ ಜನ ಕತ್ತು ಚಾಚಿ ನಿಂತಿದ್ದರು. ಯಾರೋ ಕಿಸಕ್ಕೆಂದರು. ಸುಳ್ಳು ಅರ್ಜಿ ಹಿಡಿದು ಒಳಗೆ ಹೋದವರು ಸಾಹೇಬರು ತಲೆಯೆತ್ತುವವರೆಗೆ ಹೇಗೆ ನಿಂತಿರುತ್ತಾರೆಂದು ಅವನು ದಿನವೂ ಕಿಟಕಿಯಿಂದ ನೋಡುತ್ತಿದ್ದ. ಇವತ್ತು ನಿಜ ಹಿಡಿದು ತಾನು ಹಾಗೇ ನಿಂತಿದ್ದ.

ಎರಡನೆಯ ಸುತ್ತಿಗೆ ಎಂಜಿನ್ನು ಹಿಡಿಯಿತು. ಹಸು ಬೆಚ್ಚಲಿಲ್ಲ. ಅದಕ್ಕದು ದಿನದ ಸದ್ದು.

*

ಉಪ್ಪಿನ ಮೂಟೆಯನ್ನು ಯಾರೋ ಕಾರಿನ ಡಿಕ್ಕಿಗೆ ಹಾಕಲು ತಂದರು. ಸಮಾಧಿಯ ಗುಂಡಿಗೆ ಸುರಿಯುವ ಉಪ್ಪು.

"ಅದು ಲಾರೀಲಿ ಬರ್ಲಿ," ಎಂದಳು ಸಾವಿತ್ರಮ್ಮ. "ಉಪ್ಪು ಈ ಕಾರಿಗೆ ಬೇಡ."

ತೀರ್ಥಪ್ಪನೊಬ್ಬನಿಗೆ ಅದು ಅರ್ಥವಾಯಿತು. ಅವನೇ ಮೂಟೆ ಎತ್ತಿ ಲಾರಿಗೆ ಹಾಕಿ ಬಂದ.

ದೇವೀರಪ್ಪನನ್ನು ಕೂತ ಭಂಗಿಯಲ್ಲೇ ಎತ್ತಿ ತಂದು ಹಿಂದಿನ ಸೀಟಿನಲ್ಲಿ ಇಟ್ಟರು. ಕಾಲು ಮಡಚಿದ್ದರಿಂದ ಸೀಟು ಸಾಲದೆ ಒಂದು ಮಂಡಿ ಮುಂದಿನ ಸೀಟಿಗೆ ಒತ್ತಿಕೊಂಡಿತು. ಮೂವತ್ತೆರಡು ವರ್ಷದಲ್ಲಿ ಅವನು ಆ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಹೆಂಗಸರು ಲಾರಿಗೆ ಬನ್ನಿ ಎಂದು ಈರಭದ್ರಪ್ಪ ಕರೆದ. ಸಾವಿತ್ರಮ್ಮ ಕೇಳಿಸಿಕೊಳ್ಳದವಳ ಹಾಗೆ ಆಚೆಯ ಬಾಗಿಲು ತೆಗೆದು ಕಿಟಕಿಯ ಪಕ್ಕ ಕೂತಳು. ಕೂತ ಕೂಡಲೇ ಕೈ ತಾನಾಗಿ ಮೊರದ ಜಾಗಕ್ಕೆ, ಮಡಿಲಿಗೆ, ಹೋಗಿ ಸುಮ್ಮನಾಯಿತು. ಇನ್ನೊಂದು ಕೈಯಿಂದ ಗಂಡನ ಹೆಗಲು ವಾಲದಂತೆ ಹಿಡಿದುಕೊಂಡಳು. ಮುಂದೆ ಕಲ್ಲಪ್ಪ, ಅವನ ಪಕ್ಕ ತೀರ್ಥಪ್ಪ.

ಕಾರು ಅಂಗಳ ದಾಟಿ ಬೀದಿಗಿಳಿಯಿತು. ಹಿಂದೆ ಲಾರಿ, ಅದರ ಹಿಂದೆ ಭಜನೆಯವರು ಊರ ಬಾಗಿಲವರೆಗೆ. ರಸ್ತೆಯ ಹೊಂಡಗಳಿಗೆ ಕಾರು ಮೊದಮೊದಲು ಮುಗ್ಗರಿಸಿತು, ನಾಲ್ಕು ವರ್ಷ ಹೊಂಡವಿಲ್ಲದ ದಾರಿಯಲ್ಲಿ ಹೋಗಿ ಬಂದದ್ದಕ್ಕೋ ಏನೋ. ಆಮೇಲೆ ಹದಕ್ಕೆ ಬಂತು. ಮಾಗಿಯ ಬಿಸಿಲು. ಎರಡೂ ಕಡೆ ಕಡಲೆ ಕಿತ್ತ ಎರೆಹೊಲಗಳು. ತೀರ್ಥಪ್ಪನ ಕಣ್ಣು ಮೀಟರಿನ ಮೇಲಿತ್ತು. 71,900. 71,901.

ಒಂದು ಒಂಟಿ ಹುಣಸೆ ಮರ, ಅದರ ಬುಡದಲ್ಲಿ ಮುರಿದ ಮೈಲಿಗಲ್ಲು. ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಸಾವಿತ್ರಮ್ಮ ಸೀಟು ತಟ್ಟಿದಳು.

"ನಿಲ್ಸಪ್ಪ."

ಕಲ್ಲಪ್ಪ ಗಾಬರಿಯಿಂದ ಬ್ರೇಕು ಹಾಕಿದ. "ಯಾಕಮ್ಮಾ, ವಾಲ್ತಾ?"

"ಇಲ್ಲ. ಮೊನ್ನೆ ಮನೆ ಬಿಟ್ಟಿದ್ವಿ, ಹೊಲ ನೋಡ್ಕೊಂಡು ಬರಣ ಅಂತ. ನೆನ್ನೆ ಬೆಳಿಗ್ಗೆ ಈ ಮರದ ಹತ್ರ ನಿಲ್ಸಿದ್ರು. ಮಿಕ್ಕಿದ್ದು ನಾಳೆ ಅಂದಿದ್ರು."

ಕಲ್ಲಪ್ಪನಿಗೆ ಏನೂ ಅರ್ಥವಾಗದೆ ತೀರ್ಥಪ್ಪನ ಮುಖ ನೋಡಿದ. ತೀರ್ಥಪ್ಪ ಮೀಟರು ನೋಡಿದ. 71,902. ಮನೆಯಿಂದ ಮೂರು ಮೈಲಿ. ಒಂದೂವರೆ, ಒಂದೂವರೆ.

ಹಿಂದೆ ಲಾರಿ ಹಾರನ್ ಹೊಡೆಯಿತು. ಈರಭದ್ರಪ್ಪ ಬಾಗಿಲಿಗೆ ಜೋತು ಬಿದ್ದು, "ಕೆಟ್ಟೋಯ್ತಾ? ನಾನು ಹೇಳ್ಲಿಲ್ವಾ?" ಎಂದು ಕೂಗುತ್ತಿದ್ದ.

ಸಾವಿತ್ರಮ್ಮ ಗಂಡನ ಮಂಡಿಯ ಮೇಲಿನ ಬಿಲ್ವಪತ್ರೆ ಸರಿ ಮಾಡಿದಳು. "ಹೂಂ, ಈಗ ಬಿಡು," ಎಂದಳು.

*

ಹೊಲದಲ್ಲಿ ಎಲ್ಲ ಕ್ರಮದಂತೆ ಮುಗಿಯಿತು. ಐನೋರು ದೇವೀರಪ್ಪನ ತಲೆಯ ಮೇಲೆ ಪಾದ ಇಟ್ಟರು, ಮಂತ್ರ ಹೇಳಿದರು. ವಿಭೂತಿ, ಪತ್ರೆ, ಉಪ್ಪು ಸುರಿದರು. ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮುದ್ದಪ್ಪ ತನ್ನ ಮೂರು ಹಿಡಿ ಹಾಕಿ ಬಂದವನು ಕಾರನ್ನು ಒಂದು ಸುತ್ತು ಬಂದು, ತೀರ್ಥಪ್ಪನ ಹತ್ತಿರ ನಿಂತು, "ಐನೂರ ನಲವತ್ತಾರಾ?" ಎಂದು ಕೇಳಿದ.

"ಐನೂರ ನಲವತ್ತಾರು."

"ಹೂಂ," ಎಂದ ಮುದ್ದಪ್ಪ. "ನನ್ನ ಮೊಮ್ಮಗನ ವಯಸ್ಸೂ ಒಂದ್ಸಲ ಸರಿ ಮಾಡ್ಕೊಡು ಮತ್ತೆ," ಎಂದು ಕೆರೆಯ ಕಡೆ ಸ್ನಾನಕ್ಕೆ ಹೊರಟ.

ಜನ ಚದುರಿದರು. ಕಾರು ಬದುವಿನ ಪಕ್ಕ ನಾಲ್ಕು ಚಕ್ರವನ್ನೂ ನೆಲಕ್ಕೂರಿ ನಿಂತಿತ್ತು. ತೀರ್ಥಪ್ಪ ಕಿಟಕಿಯಲ್ಲಿ ತಲೆ ಹಾಕಿ ಕೊನೆಯ ಸಲ ಮೀಟರು ನೋಡಿದ. ಜೇಬಿನಿಂದ ನೀಲಿ ಕಾಗದ ತೆಗೆದು, ಬೆನ್ನಿನ ಖಾಲಿ ಜಾಗವನ್ನು ಬಾನೆಟ್ಟಿನ ಮೇಲೆ ಹರಡಿ, ಸೀಸದ ಕಡ್ಡಿಯಿಂದ 71,905 ಎಂದು ಬರೆದು ಕೆಳಗೆ ಸಹಿ ಮಾಡಿದ. ಬಾನೆಟ್ಟು ಇನ್ನೂ ಬಿಸಿಯಿತ್ತು.

ಆಮೇಲೆ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಟಯರಿನ ಹಲ್ಲುಗಳ ಸಂದಿಯಲ್ಲಿ ಕರೀ ಎರೆಮಣ್ಣು ಮೆತ್ತಿತ್ತು, ಒಂದು ಕಡೆ ರಸ್ತೆಯ ಜಲ್ಲಿಗೆ ಸಿಕ್ಕಿ ರಬ್ಬರು ಉಗುರಿನಷ್ಟು ತರಚಿ ಎದ್ದಿತ್ತು. ಅವನು ಅದರ ಮೇಲೆ ಹೆಬ್ಬೆರಳು ಇಟ್ಟು ನೋಡಿದ. ಹೆಬ್ಬೆರಳಿನ ಮಸಿಯ ಮೇಲೆ ಮಣ್ಣು ಹತ್ತಿತು. ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಸಹಿಯ ಮೇಲುಗಡೆ ಇನ್ನೊಂದು ಸಾಲು ಸೇರಿಸಿದ.

ಟಯರು: ಆರು ಮೈಲಿ ಸವೆದಿದೆ.